ಒಕ್ಲಹೋಮ ಸೂನರ್ಸ್ ಸಾಫ್ಟ್‌ಬಾಲ್

ಅಮೆರಿಕದ ಒಕ್ಲಹೋಮ ರಾಜ್ಯದ ನಾರ್ಮನ್ ಊರಿನಲ್ಲಿರುವ ಒಕ್ಲಹೋಮ ವಿಶ್ವವಿದ್ಯಾಲಯದ ಮಹಿಳಾ ಸಾಫ್ಟ್‌ಬಾಲ್ ತಂಡ. ವಿಶ್ವವಿದ್ಯಾಲಯದ ಉಳಿದ ಕ್ರೀಡಾ ತಂಡಗಳಂತೆ ಇದನ್ನೂ ಸೂನರ್ಸ್ ಎಂದೇ ಕರೆಯುತ್ತಾರೆ. 1889ರಲ್ಲಿ ಸರ್ಕಾರ ಈ ಸೀಮೆಯ ಜಮೀನನ್ನು ವಲಸಿಗರಿಗೆ ಬಿಟ್ಟುಕೊಟ್ಟಾಗ, ಗೊತ್ತುಮಾಡಿದ ಗಳಿಗೆಗೆ ಮೊದಲೇ ಒಳನುಗ್ಗಿ ಜಾಗ ಹಿಡಿದವರಿಗೆ ಬಿದ್ದ ಅಡ್ಡಹೆಸರದು. ತಂಡ 1975ರಿಂದ ಆಡುತ್ತಿದೆ. 2000, 2013, 2016, 2017 ಮತ್ತು ಆಮೇಲೆ 2021ರಿಂದ 2024ರವರೆಗೆ ಪ್ರತಿ ವರ್ಷ, ಹೀಗೆ ಎಂಟು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದೆ. ಸತತ ನಾಲ್ಕು ವರ್ಷ ಗೆದ್ದ ತಂಡ ಇದೊಂದೇ. ಒಟ್ಟು ಲೆಕ್ಕದಲ್ಲಿ ಲಾಸ್ ಏಂಜಲೀಸಿನ ಯುಸಿಎಲ್‌ಎ ಹನ್ನೆರಡು ಪ್ರಶಸ್ತಿಗಳೊಂದಿಗೆ ಇನ್ನೂ ಮುಂದಿದೆ. ಅರಿಜೋನ ವಿಶ್ವವಿದ್ಯಾಲಯದ ಬಳಿಯೂ ಎಂಟಿವೆ. ಆದರೆ ಆ ಎರಡೂ ತಂಡಗಳ ಗೆಲುವುಗಳಲ್ಲಿ ಹೆಚ್ಚಿನವು ಹಿಂದಿನ ಶತಮಾನದ ಕೊನೆಯವು. ಒಕ್ಲಹೋಮದ ಮೊದಲ ಪ್ರಶಸ್ತಿಯೇ 2000ದ್ದು.

ಈ ತಂಡ ಏಕೆ ಮುಖ್ಯವಾಯಿತು ಎಂದು ತಿಳಿಯಲು ಆಟದ ಸ್ವಭಾವ ಸ್ವಲ್ಪ ಗೊತ್ತಿರಬೇಕು. ಸಾಫ್ಟ್‌ಬಾಲ್ ಹುಟ್ಟಿದ್ದು 1887ರಲ್ಲಿ ಶಿಕಾಗೋದಲ್ಲಿ, ಚಳಿಗಾಲದಲ್ಲಿ ಸೂರಿನಡಿ ಆಡುವ ಬೇಸ್‌ಬಾಲ್ ಆಗಿ. ಹೆಸರು ಹೇಳುವಷ್ಟು ಚೆಂಡು ಮೆತ್ತಗಿರುವುದಿಲ್ಲ. ಸುತ್ತಳತೆ ಹನ್ನೆರಡು ಅಂಗುಲ, ಬೇಸ್‌ಬಾಲಿಗಿಂತ ದೊಡ್ಡದು. ಪಿಚರ್ ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಸೊಂಟದ ಕೆಳಗಿನಿಂದ ಚೆಂಡು ಎಸೆಯುತ್ತಾಳೆ. ನಿಂತ ಜಾಗದಿಂದ ಬ್ಯಾಟರ್‌ಗೆ 43 ಅಡಿ ದೂರ, ಅಂದರೆ ಹದಿಮೂರು ಮೀಟರ್ ಚಿಲ್ಲರೆ. ಒಳ್ಳೆಯ ಪಿಚರ್‌ಗಳ ವೇಗ ಗಂಟೆಗೆ 105 ಕಿಲೋಮೀಟರ್ ದಾಟುತ್ತದೆ. ಕ್ರಿಕೆಟ್ಟಿನ ಲೆಕ್ಕದಲ್ಲಿ ಇದು ಸಾಮಾನ್ಯ ವೇಗವೇ, ಆದರೆ ಅಷ್ಟು ಹತ್ತಿರದಿಂದ ಬಂದಾಗ ಯೋಚಿಸಲು ಅರ್ಧ ಸೆಕೆಂಡೂ ಸಿಗುವುದಿಲ್ಲ. ಪಂದ್ಯಕ್ಕೆ ಏಳು ಇನಿಂಗ್ಸ್. ಕ್ರಿಕೆಟ್ಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಓವರುಗಳ ಮಿತಿ ಇಲ್ಲ. ಒಬ್ಬಳೇ ಪಿಚರ್ ಇಡೀ ಪಂದ್ಯ ಎಸೆಯಬಹುದು, ಮರುದಿನ ಬಂದು ಮತ್ತೆ ಎಸೆಯಬಹುದು.

ಹಾಗಾಗಿ ಕಾಲೇಜು ಸಾಫ್ಟ್‌ಬಾಲ್ ಬಹಳ ಕಾಲ ಪಿಚರ್‌ಗಳ ಆಟವಾಗಿತ್ತು. 1-0, 2-0 ಎಂಬ ಅಂಕಗಳು ಸಾಮಾನ್ಯ. ಕಾಲೇಜು ಕ್ರೀಡೆಗಳ ಆಡಳಿತ ನೋಡುವ ಎನ್‌ಸಿಎಎ ಸಂಸ್ಥೆ 1982ರಲ್ಲಿ ನಡೆಸಿದ ಮೊದಲ ಮಹಿಳಾ ಕಾಲೇಜ್ ವರ್ಲ್ಡ್ ಸೀರೀಸ್‌ನ ಫೈನಲ್ ಮುಗಿದದ್ದು 2-0ಕ್ಕೆ. 1980ರ ದಶಕದ ಕೊನೆಗೆ ಪಿಚರ್ ನಿಲ್ಲುವ ಜಾಗವನ್ನು 40 ಅಡಿಯಿಂದ 43ಕ್ಕೆ ಹಿಂದೆ ಸರಿಸಿದರು. 1990ರ ದಶಕದಲ್ಲಿ ಬಿಳಿ ಚೆಂಡು ಹೋಗಿ, ಕಣ್ಣಿಗೆ ಬೇಗ ಬೀಳುವ ಹಳದಿ ಚೆಂಡು ಬಂತು. ಬ್ಯಾಟುಗಳು ಸುಧಾರಿಸಿದವು. ಬಾಗಿಲು ಹೀಗೆ ಸ್ವಲ್ಪ ತೆರೆದಿದ್ದಾಗ ಅದನ್ನು ಪೂರ್ತಿ ದೂಡಿದ ತಂಡಗಳಲ್ಲಿ ಒಕ್ಲಹೋಮದ್ದು ಮೊದಲ ಹೆಸರು. ಇದರ ಚರಿತ್ರೆಯನ್ನು ಪ್ರಶಸ್ತಿಗಳ ಪಟ್ಟಿಯಾಗಿ ಓದುವುದಕ್ಕಿಂತ, ಆಟದ ಹಿಡಿತ ಪಿಚರ್ ಕೈಯಿಂದ ಬ್ಯಾಟಿಗೆ ಜಾರಿದ ಕಥೆಯಾಗಿ ಓದಿದರೆ ಹೆಚ್ಚು ಅರ್ಥವಾಗುತ್ತದೆ.

ಮೊದಲ ಇಪ್ಪತ್ತು ವರ್ಷಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ ಟೈಟಲ್ ನೈನ್ ಕಾನೂನು 1972ರಲ್ಲಿ ಬಂದ ಮೇಲೆ ದೇಶದ ಕಾಲೇಜುಗಳೆಲ್ಲ ಮಹಿಳಾ ತಂಡಗಳನ್ನು ಕಟ್ಟತೊಡಗಿದವು. ನಾರ್ಮನ್‌ನಲ್ಲಿ ಸಾಫ್ಟ್‌ಬಾಲ್ ತಂಡ ಎದ್ದದ್ದೂ ಆ ಅಲೆಯಲ್ಲೇ. 1970ರ ದಶಕದ ಕೊನೆ ಮತ್ತು 80ರ ದಶಕದ ಆರಂಭದಲ್ಲಿ ಮರೀಟಾ ಹೈನ್ಸ್ ಕೋಚ್ ಆಗಿದ್ದರು. ಮುಂದೆ ವಿಶ್ವವಿದ್ಯಾಲಯದ ಕ್ರೀಡಾ ಆಡಳಿತಕ್ಕೆ ಹೋದ ಅವರ ಹೆಸರನ್ನೇ ತಂಡದ ಸ್ವಂತ ಮೈದಾನಕ್ಕೆ ಇಟ್ಟರು. ಆದರೆ ಆ ಮೈದಾನ ಬಂದದ್ದು 1998ರಲ್ಲಿ. ಅಲ್ಲಿಯವರೆಗೆ ಒಂದು ದೊಡ್ಡ ವಿಶ್ವವಿದ್ಯಾಲಯದ ತಂಡ ತವರಿನ ಪಂದ್ಯಗಳನ್ನು ಆಡುತ್ತಿದ್ದದ್ದು ರೀವ್ಸ್ ಪಾರ್ಕ್ ಎಂಬ ಊರಿನ ಸಾರ್ವಜನಿಕ ಉದ್ಯಾನದಲ್ಲಿ. ಅದೇ ಊರಿನಲ್ಲಿ ವಿಶ್ವವಿದ್ಯಾಲಯದ ಪುರುಷರ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹತ್ತಾರು ಸಾವಿರ ಆಸನಗಳ ಕ್ರೀಡಾಂಗಣವಿತ್ತು ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ ಕಾನೂನಿಗೂ ನೆಲಕ್ಕೂ ಇದ್ದ ದೂರ ತಿಳಿಯುತ್ತದೆ.

ಪ್ಯಾಟಿ ಗ್ಯಾಸೊ ಬಂದದ್ದು ಈ ಉದ್ಯಾನಕ್ಕೆ. ಕ್ಯಾಲಿಫೋರ್ನಿಯಾದವರು. ಲಾಂಗ್ ಬೀಚ್ ಸಿಟಿ ಕಾಲೇಜ್ ಎಂಬ ಎರಡು ವರ್ಷದ ಕಾಲೇಜಿನಲ್ಲಿ ಕೋಚ್ ಆಗಿದ್ದವರನ್ನು 1995ರ ಋತುವಿಗೆ ಒಕ್ಲಹೋಮ ಕರೆಸಿಕೊಂಡಿತು. ಆಗ ಕಾಲೇಜು ಸಾಫ್ಟ್‌ಬಾಲ್ ಎಂದರೆ ಪಶ್ಚಿಮ ಕರಾವಳಿ ಮತ್ತು ಅರಿಜೋನ. ವರ್ಷವಿಡೀ ಬಿಸಿಲಿರುವ ಆ ಸೀಮೆಯ ಹುಡುಗಿಯರು ಬಾಲ್ಯದಿಂದಲೇ ಕ್ಲಬ್ಬುಗಳಲ್ಲಿ ಪಳಗುತ್ತಿದ್ದರು, ಪ್ರಶಸ್ತಿಗಳೂ ಅಲ್ಲೇ ಉಳಿಯುತ್ತಿದ್ದವು. ಗ್ಯಾಸೊಗೆ ಆ ಕ್ಲಬ್ಬುಗಳ ಪರಿಚಯವಿತ್ತು. ಒಕ್ಲಹೋಮದ ಗಾಳಿ, ಸುಂಟರಗಾಳಿ, ಫೆಬ್ರವರಿಯ ಚಳಿಗೆ ಕ್ಯಾಲಿಫೋರ್ನಿಯಾದ ಹುಡುಗಿಯರನ್ನು ಒಪ್ಪಿಸಿ ಕರೆತರುವುದು ಅವರ ಮೊದಲ ಸಾಧನೆ ಎನ್ನಬಹುದು. ಅವರ ಕಾಲದಲ್ಲಿ ತಂಡ ರಾಷ್ಟ್ರೀಯ ಟೂರ್ನಿಗೆ ಆಯ್ಕೆಯಾಗದ ವರ್ಷವೇ ಇಲ್ಲ. ಸಾಂಕ್ರಾಮಿಕದಿಂದ ಟೂರ್ನಿಯೇ ನಡೆಯದ 2020 ಮಾತ್ರ ಲೆಕ್ಕದ ಹೊರಗೆ.

ಇನ್ನೊಂದು ಅನುಕೂಲ ಭೂಗೋಳದ್ದು. ರಾಷ್ಟ್ರೀಯ ಟೂರ್ನಿಯ ಕೊನೆಯ ಹಂತವಾದ ಕಾಲೇಜ್ ವರ್ಲ್ಡ್ ಸೀರೀಸ್ 1990ರಿಂದ ಒಕ್ಲಹೋಮ ಸಿಟಿಯಲ್ಲೇ ನಡೆಯುತ್ತಿದೆ, 1996ರಲ್ಲಿ ಒಂದು ಸಲ ಮಾತ್ರ ಜಾರ್ಜಿಯಾಕ್ಕೆ ಹೋಗಿತ್ತು. ನಾರ್ಮನ್‌ನಿಂದ ಅಲ್ಲಿಗೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಬೇರೆ ತಂಡಗಳು ವಿಮಾನ ಹತ್ತಿ ಬರುವ ಟೂರ್ನಿಗೆ ಸೂನರ್ಸ್ ಬಸ್ಸಿನಲ್ಲಿ ಹೋಗುತ್ತಾರೆ, ಗ್ಯಾಲರಿಯಲ್ಲಿ ಕೂರುವ ಬಹುಪಾಲು ಜನ ಅವರ ಬಣ್ಣವಾದ ಕಡುಗೆಂಪು ತೊಟ್ಟಿರುತ್ತಾರೆ. ಎದುರಾಳಿಗಳ ಅಭಿಮಾನಿಗಳು ಇದನ್ನು ಆಗಾಗ ಎತ್ತಿ ಆಡುವುದುಂಟು. ಮಾತಿನಲ್ಲಿ ಹುರುಳಿದೆ. ಆದರೆ ಗ್ಯಾಸೊ ಬರುವ ಮುಂಚೆಯೂ ಊರು ಅಲ್ಲೇ ಇತ್ತು, ಪ್ರಶಸ್ತಿ ಮಾತ್ರ ಇರಲಿಲ್ಲ.

2000ದ ಋತುವಿನಲ್ಲಿ ತಂಡ 66 ಪಂದ್ಯ ಗೆದ್ದು 8 ಸೋತಿತು. ಎನ್‌ಸಿಎಎ ಅಡಿಯಲ್ಲಿ ವರ್ಲ್ಡ್ ಸೀರೀಸ್‌ಗೆ ಹೋದದ್ದು ಅದೇ ಮೊದಲು. ಹೋದವರು ಒಂದೂ ಪಂದ್ಯ ಸೋಲದೆ, ಫೈನಲ್‌ನಲ್ಲಿ ಯುಸಿಎಲ್‌ಎಯನ್ನು 3-1ರಿಂದ ಸೋಲಿಸಿ ಬಂದರು. ಪಿಚರ್ ಜೆನಿಫರ್ ಸ್ಟೂವರ್ಟ್ ಟೂರ್ನಿಯ ಅತ್ಯುತ್ತಮ ಆಟಗಾರ್ತಿಯಾದರು. ಅಂಕವೇ ಹೇಳುವಂತೆ ಇದು ಹಳೆಯ ಬಗೆಯ ಗೆಲುವು: ಒಬ್ಬ ಗಟ್ಟಿ ಪಿಚರ್, ಸಮಯಕ್ಕೆ ಸಿಕ್ಕ ಕೆಲವು ರನ್. ಅದರ ನಂತರ ಮುಂದಿನ ಪ್ರಶಸ್ತಿಗೆ ಹದಿಮೂರು ವರ್ಷ ಕಾಯಬೇಕಾಯಿತು.

2012ರಲ್ಲಿ ತಂಡ ಹೊಸ ರೂಪದಲ್ಲಿ ಕಾಣಿಸಿಕೊಂಡಿತು. ಎಡಗೈ ಪಿಚರ್ ಕೈಲಾನಿ ರಿಕೆಟ್ಸ್ ಎಸೆತದಷ್ಟೇ ಬ್ಯಾಟಿಂಗಿನಲ್ಲೂ ಅಪಾಯಕಾರಿ. ಜೊತೆಗೆ ಮೊದಲ ವರ್ಷದ ವಿದ್ಯಾರ್ಥಿನಿ ಲಾರೆನ್ ಚೇಂಬರ್ಲೇನ್ ಹೋಮ್ ರನ್‌ಗಳ (ಚೆಂಡನ್ನು ಬೇಲಿಯಾಚೆ ಕಳಿಸಿ, ಬೇಸುಗಳಲ್ಲಿದ್ದವರೆಲ್ಲರಿಗೂ ರನ್ ತರುವ ಹೊಡೆತ) ಮಳೆ ಸುರಿಸಿದರು. ಆ ವರ್ಷ ಅಲಬಾಮಾ ಎದುರು ಮೂರನೆಯ ಪಂದ್ಯದಲ್ಲಿ ಒಂದೇ ರನ್ನಿನಿಂದ, 5-4ಕ್ಕೆ, ಪ್ರಶಸ್ತಿ ತಪ್ಪಿತು. (2005ರಿಂದ ಫೈನಲ್ ಮೂರು ಪಂದ್ಯಗಳದ್ದು, ಎರಡು ಗೆದ್ದವರು ಚಾಂಪಿಯನ್.) ಮರುವರ್ಷ ಟೆನೆಸೀ ವಿರುದ್ಧ ಮೊದಲ ಪಂದ್ಯ ಹನ್ನೆರಡು ಇನಿಂಗ್ಸ್‌ವರೆಗೆ ಎಳೆಯಿತು. ಚೇಂಬರ್ಲೇನ್ ಹೊಡೆದ ಎರಡು ರನ್ನುಗಳ ಹೋಮ್ ರನ್ ಅದನ್ನು 5-3ಕ್ಕೆ ಮುಗಿಸಿತು. ಎರಡನೆಯದರಲ್ಲಿ ರಿಕೆಟ್ಸ್ ಮಿಂಚಿದ್ದು ಬ್ಯಾಟಿನಿಂದ. ಮಿಶೆಲ್ ಗ್ಯಾಸ್ಕೊಯ್ನ್ ಎದುರಾಳಿಗೆ ಒಂದೂ ರನ್ ಕೊಡದೆ ಎಸೆದರು, ರಿಕೆಟ್ಸ್ ಹೋಮ್ ರನ್ ಹೊಡೆದರು, 4-0. ಚೇಂಬರ್ಲೇನ್ 2015ರಲ್ಲಿ ಓದು ಮುಗಿಸುವಾಗ ಅವರ ಹೆಸರಿನಲ್ಲಿ 95 ಹೋಮ್ ರನ್‌ಗಳಿದ್ದವು. ಯುಸಿಎಲ್‌ಎಯ ಸ್ಟೇಸಿ ನೂವ್‌ಮನ್ ಅವರ 90ರ ದಾಖಲೆ ಮುರಿದಿತ್ತು.

2016ರ ಫೈನಲ್‌ನಲ್ಲಿ ಆಬರ್ನ್ ವಿರುದ್ಧ ಎರಡನೆಯ ಪಂದ್ಯದಲ್ಲಿ ಸೂನರ್ಸ್ 7-0 ಮುಂದಿದ್ದು ಕೈಚೆಲ್ಲಿದರು. ಎಂಟನೆಯ ಇನಿಂಗ್ಸ್‌ನಲ್ಲಿ ಆಬರ್ನ್ ಗ್ರ್ಯಾಂಡ್ ಸ್ಲಾಮ್, ಅಂದರೆ ನಾಲ್ಕು ರನ್ನುಗಳ ಹೋಮ್ ರನ್, ಹೊಡೆದು 11-7ಕ್ಕೆ ಗೆದ್ದಿತು. ಮರುದಿನ ಪೇಜ್ ಪಾರ್ಕರ್ ಎಸೆತದ ಬಲದಿಂದ 2-1 ಗೆಲುವು. 2017ರಲ್ಲಿ ಫ್ಲಾರಿಡಾ ಎದುರಿನ ಮೊದಲ ಪಂದ್ಯವನ್ನು ನೋಡಿದವರು ಮರೆಯಲಾರರು: ಹದಿನೇಳು ಇನಿಂಗ್ಸ್, ಐದೂವರೆ ಗಂಟೆಗೆ ಎರಡು ನಿಮಿಷ ಕಮ್ಮಿ. ಸಂಜೆ ಶುರುವಾದದ್ದು ನಡುರಾತ್ರಿ ದಾಟಿದ ಮೇಲೆ ಶೇ ನೈಟನ್ ಹೊಡೆದ ಮೂರು ರನ್ನುಗಳ ಹೋಮ್ ರನ್‌ನಿಂದ 7-5ಕ್ಕೆ ಮುಗಿಯಿತು. ಫೈನಲ್‌ಗಳ ಚರಿತ್ರೆಯಲ್ಲಿ ಅಷ್ಟು ಉದ್ದದ ಪಂದ್ಯ ಇನ್ನೊಂದಿಲ್ಲ. ಎರಡನೆಯದನ್ನು 5-4ಕ್ಕೆ ಗೆದ್ದು ಪ್ರಶಸ್ತಿ ಉಳಿಸಿಕೊಂಡರು.

2019ರ ಫೈನಲ್‌ನಲ್ಲಿ ಯುಸಿಎಲ್‌ಎ 16-3ರಿಂದ ಬಗ್ಗುಬಡಿದದ್ದು ಗ್ಯಾಸೊ ಅವರ ತಂಡ ಕಂಡ ದೊಡ್ಡ ಪೆಟ್ಟುಗಳಲ್ಲೊಂದು. ಎರಡನೆಯ ಪಂದ್ಯವೂ 5-4ಕ್ಕೆ ಹೋಯಿತು. ಆಮೇಲೆ ಬಂದದ್ದು ಕೋವಿಡ್. 2020ರ ಋತು ಮಾರ್ಚಿನಲ್ಲೇ ನಿಂತುಹೋಯಿತು, ಆಟಗಾರ್ತಿಯರಿಗೆಲ್ಲ ಎನ್‌ಸಿಎಎ ಒಂದು ವರ್ಷ ಹೆಚ್ಚುವರಿಯಾಗಿ ಕೊಟ್ಟಿತು. ಈ ಹೆಚ್ಚುವರಿ ವರ್ಷ ಇಲ್ಲದಿದ್ದರೆ ಆಟದ ಅತಿ ದೊಡ್ಡ ದಾಖಲೆ ಈಗಿರುವ ರೂಪದಲ್ಲಿ ಇರುತ್ತಿರಲಿಲ್ಲ.

ಆ ದಾಖಲೆ ಜೋಸ್ಲಿನ್ ಆಲೊ ಅವರದ್ದು. ಹವಾಯಿಯ ಹೌಉಲಾ ಎಂಬ ಕಡಲತೀರದ ಊರಿನವರು. ಬಂದ ವರ್ಷವೇ, 2018ರಲ್ಲಿ, 30 ಹೋಮ್ ರನ್ ಹೊಡೆದರು. ಎದುರಾಳಿಗಳು ಅವರಿಗೆ ಹೊಡೆಯಬಲ್ಲ ಚೆಂಡು ಕೊಡುವುದನ್ನೇ ಬಿಟ್ಟಿದ್ದರಿಂದ 2019ರಲ್ಲಿ ಅದು 16ಕ್ಕೆ ಇಳಿಯಿತು. ಮೊಟಕಾದ 2020ರಲ್ಲಿ 8. ಮುಂದಿನ ಎರಡು ವರ್ಷ 34, 34. 2022ರ ಫೆಬ್ರವರಿಯಲ್ಲಿ ಚೇಂಬರ್ಲೇನ್ ಅವರ 95ನ್ನು ಮುಟ್ಟಿದ ಮೇಲೆ ವಾರಗಟ್ಟಲೆ ಒಂದೂ ಬರಲಿಲ್ಲ. ಇತಿಹಾಸದ ಪುಟದಲ್ಲಿ ತಮ್ಮ ಹೆಸರು ಬರುವುದು ಯಾವ ಪಿಚರ್‌ಗೂ ಬೇಡವಾಗಿ, ಬ್ಯಾಟಿಗೆ ಸಿಗದಂತೆ ಪ್ಲೇಟಿನ ಆಚೆಗೇ ಎಸೆದು, ನಿಯಮದಂತೆ ಮೊದಲ ಬೇಸಿಗೆ ನಡೆಸಿಬಿಡುತ್ತಿದ್ದರು. ತಂಡ ಪ್ರವಾಸಕ್ಕೆಂದು ಹೊನೊಲುಲುಗೆ ಹೋದಾಗ, ಮಾರ್ಚ್ 11ರಂದು, ಹವಾಯಿ ವಿಶ್ವವಿದ್ಯಾಲಯದ ವಿರುದ್ಧ 96ನೆಯದು ಬಂತು. ತವರಿನವರ, ನೆಂಟರಿಷ್ಟರ ಎದುರಿಗೇ. ಎದುರು ತಂಡದ ಅಭಿಮಾನಿಗಳೂ ಎದ್ದು ನಿಂತು ಚಪ್ಪಾಳೆ ತಟ್ಟಿದ ಅಪರೂಪದ ಪಂದ್ಯ ಅದು. ಓದು ಮುಗಿಸುವ ಹೊತ್ತಿಗೆ ಲೆಕ್ಕ 122.

ಆಲೊ ಒಬ್ಬರೇ ಹೊಡೆಯುತ್ತಿದ್ದರೆ ಎದುರಾಳಿಗಳು ಅವರನ್ನು ನಡೆಸಿ ಪಾರಾಗಬಹುದಿತ್ತು. 2021ರ ತಂಡದಲ್ಲಿ ಆ ಉಪಾಯ ನಡೆಯಲಿಲ್ಲ. ಅವರ ಹಿಂದೆ ಮುಂದೆ ಟಿಯಾರೆ ಜೆನಿಂಗ್ಸ್, ಜೇಡಾ ಕೋಲ್ಮನ್, ಕ್ಯಾಚರ್ ಕಿಂಜಿ ಹ್ಯಾನ್ಸನ್. ಜೆನಿಂಗ್ಸ್ ಮೊದಲ ವರ್ಷವೇ 27 ಹೋಮ್ ರನ್ ಹೊಡೆದರು. ತಂಡ ಒಟ್ಟು 161, ಒಂದು ಋತುವಿನ ಹೊಸ ರಾಷ್ಟ್ರೀಯ ದಾಖಲೆ. ಹಳೆಯದು 2010ರಲ್ಲಿ ಹವಾಯಿ ವಿಶ್ವವಿದ್ಯಾಲಯ ಮಾಡಿದ 158. ಬ್ಯಾಟಿಂಗ್ ಕೋಚ್ ಆಗಿದ್ದವರು ಗ್ಯಾಸೊ ಅವರ ಮಗ ಜೆಟಿ ಗ್ಯಾಸೊ.

ಇಷ್ಟೆಲ್ಲ ಇದ್ದೂ 2021ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲೇ ತಂಡ ಮುಗ್ಗರಿಸಿತು. ಎದುರಾಳಿ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯ, ಶ್ರೇಯಾಂಕವೇ ಇಲ್ಲದ್ದು. ಅವರ ಪಿಚರ್ ಒಡಿಸಿ ಅಲೆಕ್ಸಾಂಡರ್ ದೇಶದ ಅತಿ ಬಲಿಷ್ಠ ಬ್ಯಾಟಿಂಗನ್ನು ಮೂರು ರನ್ನಿಗೆ ಕಟ್ಟಿಹಾಕಿದರು. 4-3. ಹಳೆಯ ಸಾಫ್ಟ್‌ಬಾಲ್ ಇನ್ನೂ ಸತ್ತಿಲ್ಲ ಎಂದು ಆ ದಿನ ತೋರಿತು. ಟೂರ್ನಿಯಲ್ಲಿ ಎರಡು ಸಲ ಸೋತವರು ಮನೆಗೆ ಹೋಗಬೇಕಾದ ನಿಯಮವಿರುವುದರಿಂದ ಅಲ್ಲಿಂದಾಚೆ ಪ್ರತಿ ಪಂದ್ಯವೂ ಕತ್ತಿಯ ಅಂಚು. ಸೂನರ್ಸ್ ಜಾರ್ಜಿಯಾವನ್ನು, ಯುಸಿಎಲ್‌ಎಯನ್ನು, ಕೊನೆಗೆ ಅದೇ ಜೇಮ್ಸ್ ಮ್ಯಾಡಿಸನ್‌ನ್ನು ಎರಡು ಸಲ ಸೋಲಿಸಿ ಫೈನಲ್ ಮುಟ್ಟಿದರು. ಒಬ್ಬಳೇ ಪಿಚರ್ ಮೇಲೆ ನಿಂತ ತಂಡಕ್ಕೆ ದಿನಗಳು ಕಳೆದಂತೆ ತೋಳು ಸೋಲುತ್ತದೆ, ಒಂಬತ್ತು ಬ್ಯಾಟರ್‌ಗಳಿರುವ ತಂಡಕ್ಕೆ ಹಾಗಾಗದು. ಆ ವಾರದ ಪಾಠ ಅಷ್ಟೇ. ಮೈದಾನ ಬಿಡುವಾಗ ಅಲೆಕ್ಸಾಂಡರ್‌ಗೆ ಸಿಕ್ಕ ಚಪ್ಪಾಳೆಯಲ್ಲಿ ಒಕ್ಲಹೋಮದವರದ್ದೂ ಸೇರಿತ್ತು. ಫೈನಲ್‌ನ ಮೊದಲ ಪಂದ್ಯವನ್ನೂ ಫ್ಲಾರಿಡಾ ಸ್ಟೇಟ್‌ಗೆ ಸೋತು, ಉಳಿದೆರಡನ್ನು 6-2, 5-1ರಿಂದ ಗೆದ್ದರು. ಕೊನೆಯ ಪಂದ್ಯ ಎಸೆದವರು ಜಿಸೆಲ್ ಹುವಾರೆಸ್.

2022ರ ತಂಡ ಮೊದಲ 38 ಪಂದ್ಯಗಳನ್ನು ಸೋಲದೆ ಆಡಿ, ಒಟ್ಟು 59 ಗೆದ್ದು 3 ಸೋತಿತು. ಸೆಮಿಫೈನಲ್‌ನಲ್ಲಿ ಯುಸಿಎಲ್‌ಎಗೆ ಸೋತ ದಿನವೇ ಮತ್ತೊಮ್ಮೆ ಎದುರಾಗಿ 15-0ರಿಂದ ತೀರಿಸಿಕೊಂಡಿತು. ಆಲೊ ಎರಡು ಹೋಮ್ ರನ್ ಹೊಡೆದು ಏಳು ರನ್ ತಂದರು. ಫೈನಲ್‌ನಲ್ಲಿ ಟೆಕ್ಸಸ್ ವಿರುದ್ಧ 16-1, 10-5. ಆ ವರ್ಷ ಎಸೆದವರಲ್ಲಿ ಹೋಪ್ ಟ್ರಾಟ್‌ವೈನ್ ಒಬ್ಬರು. ಹಿಂದಿನ ವರ್ಷ ನಾರ್ತ್ ಟೆಕ್ಸಸ್ ಪರ ಆಡುತ್ತಿದ್ದಾಗ ಒಂದು ಪಂದ್ಯದ ಎಲ್ಲ 21 ಬ್ಯಾಟರ್‌ಗಳನ್ನೂ ಸ್ಟ್ರೈಕ್ ಔಟ್ ಮಾಡಿದ್ದವರು. ವಿದ್ಯಾರ್ಥಿಗಳು ಒಂದು ವರ್ಷ ಕೂರದೆಯೇ ಕಾಲೇಜು ಬದಲಿಸಿ ಆಡಬಹುದೆಂಬ ಹೊಸ ನಿಯಮ ಆಗಷ್ಟೇ ಬಂದಿತ್ತು. ಗೆಲ್ಲುವ ತಂಡಕ್ಕೆ ಗೆಲ್ಲಿಸುವವರು ತಾವಾಗಿ ಬರತೊಡಗಿದರು.

2023ರ ಅಂಕಿ ಚಿಕ್ಕದು: 61 ಗೆಲುವು, 1 ಸೋಲು. ಆ ಒಂದು ಸೋಲು ಫೆಬ್ರವರಿ 19ರಂದು ಬೇಲರ್ ವಿಶ್ವವಿದ್ಯಾಲಯದ ಎದುರು, 4-3. ಆಮೇಲೆ ಋತು ಮುಗಿಯುವವರೆಗೆ 53 ಪಂದ್ಯ ಸತತ ಗೆಲುವು. ಅರಿಜೋನ 1996-97ರಲ್ಲಿ ಮಾಡಿದ್ದ 47ರ ದಾಖಲೆ ದಾಟಿದ ಪಂದ್ಯವೇ ಕೈಜಾರುವುದರಲ್ಲಿತ್ತು. ಕ್ಲೆಮ್ಸನ್ ವಿರುದ್ಧ ಕೊನೆಯ ಇನಿಂಗ್ಸ್, ಇಬ್ಬರು ಔಟ್, ಮೂರು ರನ್ ಹಿಂದೆ. ಹ್ಯಾನ್ಸನ್ ಚೆಂಡನ್ನು ಬೇಲಿಯಾಚೆ ಕಳಿಸಿ 7-7 ಮಾಡಿದರು. ಒಂಬತ್ತನೆಯದರಲ್ಲಿ ಜೆನಿಂಗ್ಸ್ ಅವರ ಹೋಮ್ ರನ್ ಗೆಲುವು ತಂದಿತು. ಪ್ರಶಸ್ತಿಯ ಪಂದ್ಯಗಳಲ್ಲಿ ಮಾತ್ರ ಕಥೆ ಬೇರೆ. ಜೋರ್ಡಿ ಬಾಲ್ ಆ ವರ್ಲ್ಡ್ ಸೀರೀಸ್‌ನಲ್ಲಿ ಒಂದೂ ರನ್ ಕೊಡದೆ ಎಸೆದು, ಟೂರ್ನಿಯ ಅತ್ಯುತ್ತಮ ಆಟಗಾರ್ತಿಯಾಗಿ, ಕೆಲವೇ ದಿನಗಳಲ್ಲಿ ತವರು ರಾಜ್ಯ ನೆಬ್ರಾಸ್ಕಾದ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಬಂದವರು ಹೋಗಲೂ ಅದೇ ನಿಯಮ ದಾರಿ ಮಾಡಿತ್ತು.

ಗೆಲುವಿನ ಸರಣಿ ಮುಂದಿನ ಋತುವಿಗೂ ಹರಿದು 71ಕ್ಕೆ ನಿಂತಿತು. ನಿಂತದ್ದು ಎಂಥ ಗಳಿಗೆಯಲ್ಲಿ ಎಂದರೆ, 2024ರ ಮಾರ್ಚ್ 1ರಂದು ತಂಡ 4,200 ಆಸನಗಳ, ಸುಮಾರು 4.8 ಕೋಟಿ ಡಾಲರ್ ವೆಚ್ಚದ ಲವ್ಸ್ ಫೀಲ್ಡ್ ಎಂಬ ಹೊಸ ಮೈದಾನಕ್ಕೆ ಕಾಲಿಟ್ಟಿತ್ತು. ಮೂರನೆಯ ದಿನವೇ ಲೂಸಿಯಾನ ತಂಡ ಬಂದು ಎಂಟು ಇನಿಂಗ್ಸ್‌ನಲ್ಲಿ 7-5ಕ್ಕೆ ಗೆದ್ದುಹೋಯಿತು. ಗೃಹಪ್ರವೇಶಕ್ಕೆ ಇಂಥ ಉಡುಗೊರೆ ಯಾರೂ ಕೇಳಿರಲಿಲ್ಲ.

ಆ ವರ್ಷ ತಂಡ ಏಳು ಪಂದ್ಯ ಸೋತಿತು. ಉಳಿದವರಿಗೆ ಅದು ಒಳ್ಳೆಯ ವರ್ಷ, ಸೂನರ್ಸ್‌ಗೆ ಕುಸಿತದ ಸೂಚನೆ ಎಂದು ಹಲವರು ಬರೆದರು. ಸೆಮಿಫೈನಲ್‌ನಲ್ಲಿ ಫ್ಲಾರಿಡಾಗೆ 9-3ರಿಂದ ಸೋತಾಗ ಆ ಮಾತು ನಿಜವಾಗುವಂತಿತ್ತು. ಮರುಪಂದ್ಯದ ಎಂಟನೆಯ ಇನಿಂಗ್ಸ್‌ನಲ್ಲಿ ಕೋಲ್ಮನ್ ಹೊಡೆದ ಹೋಮ್ ರನ್‌ನಿಂದ 6-5. ಫೈನಲ್‌ನಲ್ಲಿ ಟೆಕ್ಸಸ್ ಮತ್ತೆ ಎದುರು, 8-3, 8-4. ಅತ್ಯುತ್ತಮ ಆಟಗಾರ್ತಿ ಪಿಚರ್ ಕೆಲ್ಲಿ ಮ್ಯಾಕ್ಸ್‌ವೆಲ್, ಅದೇ ರಾಜ್ಯದ ಕಡುವೈರಿ ಒಕ್ಲಹೋಮ ಸ್ಟೇಟ್‌ನಿಂದ ಬಂದವರು. ಜೆನಿಂಗ್ಸ್, ಕೋಲ್ಮನ್, ಹ್ಯಾನ್ಸನ್, ರೈಲಿ ಬೂನ್ ಮೊದಲಾದವರು ನಾಲ್ಕೂ ಪ್ರಶಸ್ತಿ ಹಿಡಿದು ಒಟ್ಟಿಗೇ ಹೊರಟರು.

2025ಕ್ಕೆ ಬಂದದ್ದು ಬಹುಪಾಲು ಹೊಸ ತಂಡ, ಹೊಸ ಲೀಗ್. ವಿಶ್ವವಿದ್ಯಾಲಯ ಟೆಕ್ಸಸ್ ಜೊತೆಗೆ ಬಿಗ್ ಟ್ವೆಲ್ವ್ ಬಿಟ್ಟು, ಸಾಫ್ಟ್‌ಬಾಲ್‌ನಲ್ಲಿ ಎಲ್ಲಕ್ಕಿಂತ ಕಠಿಣವೆನಿಸಿದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಸೇರಿತ್ತು. ಸೇರಿದ ವರ್ಷವೇ ಅದರ ಲೀಗ್ ಪಟ್ಟ ಗೆದ್ದಿತು. ಲೀಗಿನ ಟೂರ್ನಿಯ ಫೈನಲ್ ಮಳೆಗೆ ರದ್ದಾಗಿ, ಟೆಕ್ಸಸ್ ಎ ಅಂಡ್ ಎಂ ಜೊತೆ ಜಂಟಿ ಚಾಂಪಿಯನ್ ಆಯಿತು. ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಟೆನೆಸೀ ವಿರುದ್ಧ ಕೊನೆಯ ಗಳಿಗೆಯಲ್ಲಿ ಎಲ್ಲಾ ಪಾರ್ಕರ್ ಹೊಡೆದ ಮೂರು ರನ್ನುಗಳ ಹೋಮ್ ರನ್ 4-3ರ ಗೆಲುವು ಕೊಟ್ಟಾಗ, ಸತತ ಐದನೆಯದೂ ಬರುತ್ತದೆಂದು ಗ್ಯಾಲರಿ ನಂಬಿತು.

ದಾರಿಗೆ ಅಡ್ಡ ನಿಂತವರು ಒಬ್ಬ ಪಿಚರ್. ನಿಜಾರಿ ಕ್ಯಾನಡಿ 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಮೊದಲ ವರ್ಷದ ವಿದ್ಯಾರ್ಥಿನಿಯಾಗಿ ಇದೇ ತಂಡವನ್ನು ಸೆಮಿಫೈನಲ್‌ನಲ್ಲಿ ಒಂಬತ್ತು ಇನಿಂಗ್ಸ್‌ವರೆಗೆ ಕಾಡಿದ್ದವರು. ಆಮೇಲೆ ಟೆಕ್ಸಸ್ ಟೆಕ್‌ಗೆ ಬಂದರು. ವಿದ್ಯಾರ್ಥಿಗಳು ತಮ್ಮ ಹೆಸರು ಮತ್ತು ಚಹರೆಯ ಬಳಕೆಗೆ ಹಣ ಪಡೆಯಬಹುದೆಂಬ 2021ರ ನಿಯಮದಡಿ ಅವರಿಗಾದ ಒಪ್ಪಂದ 10,50,024 ಡಾಲರ್‌ದು. ಹತ್ತು ಲಕ್ಷ ಆಟಕ್ಕೆ, ಐವತ್ತು ಸಾವಿರ ಖರ್ಚಿಗೆ, 24 ಅವರ ಅಂಗಿಯ ಸಂಖ್ಯೆಗೆ. 2025ರ ಜೂನ್ 2ರಂದು ಸೆಮಿಫೈನಲ್‌ನ ಕೊನೆಯ ಇನಿಂಗ್ಸ್‌ನಲ್ಲಿ ಅಬಿಗೇಲ್ ಡೇಟನ್ ಎರಡು ರನ್ನುಗಳ ಹೋಮ್ ರನ್ ಹೊಡೆದು ಸೂನರ್ಸ್‌ಗೆ ಸಮಬಲ ತಂದರು. ಅದೇ ಇನಿಂಗ್ಸ್‌ನ ದ್ವಿತೀಯಾರ್ಧದಲ್ಲಿ ಟೆಕ್ಸಸ್ ಟೆಕ್ ಒಂದು ರನ್ ಗಳಿಸಿ 3-2ಕ್ಕೆ ಗೆದ್ದಿತು. ಪ್ರಶಸ್ತಿ ಕೊನೆಗೆ ಟೆಕ್ಸಸ್ ವಿಶ್ವವಿದ್ಯಾಲಯದ ಪಾಲಾಯಿತು. 2022 ಮತ್ತು 2024ರ ಫೈನಲ್‌ಗಳಲ್ಲಿ ಒಕ್ಲಹೋಮದ ಎದುರು ಸೋತಿದ್ದ ತಂಡವದು.

ಈ ತಂಡ ತುಂಬಿಸಿದ ಕ್ರೀಡಾಂಗಣಕ್ಕೆ ಈಗ ಬೇರೆ ಅತಿಥಿಗಳೂ ಬರುವವರಿದ್ದಾರೆ. ವರ್ಲ್ಡ್ ಸೀರೀಸ್ ನಡೆಯುವ ಒಕ್ಲಹೋಮ ಸಿಟಿಯ ಮೈದಾನವನ್ನು ಸುಮಾರು 13,000 ಆಸನಗಳಿಗೆ ಹಿಗ್ಗಿಸಿದ್ದು, ಈಗ ಡೆವನ್ ಪಾರ್ಕ್ ಎಂದು ಕರೆಯುತ್ತಾರೆ. 2028ರ ಒಲಿಂಪಿಕ್ಸ್ ಲಾಸ್ ಏಂಜಲೀಸಿನಲ್ಲಾದರೂ ಅಲ್ಲಿ ಅಷ್ಟು ದೊಡ್ಡ ಸಾಫ್ಟ್‌ಬಾಲ್ ಮೈದಾನ ಇಲ್ಲದ ಕಾರಣ, ಆ ಕ್ರೀಡೆಯ ಪಂದ್ಯಗಳನ್ನು ಸಂಘಟಕರು ಒಕ್ಲಹೋಮ ಸಿಟಿಗೆ ಕಳಿಸಿದ್ದಾರೆ.